ಶಾರ್ಜಾದಲ್ಲಿ ನಾನು ಕೆಲಸ ಹುಡುಕಿದ್ದು

2018ರ ಆಗಸ್ಟ್‌ನಲ್ಲಿ ನಾನು ಉಡುಪಿ ಬಿಟ್ಟು ಯುಎಇಯ ಶಾರ್ಜಾಕ್ಕೆ ಹೋದೆ. ಗಂಡ ಎರಡು ವರ್ಷದಿಂದ ಅಲ್ಲಿ ಕೆಲಸದಲ್ಲಿದ್ದರು. ಸಂತೆಕಟ್ಟೆಯ ಮನೆಯಿಂದ ರಾತ್ರಿ ಹೊರಟೆವು. ಪಡುಬಿದ್ರಿ, ಮೂಲ್ಕಿ, ಕಿನ್ನಿಗೋಳಿ ದಾಟಿ ಕಟೀಲಿಗೆ ಬರುವಾಗ ಜೋರು ಮಳೆ. ದೇವಸ್ಥಾನದ ಬಾಗಿಲು ಹಾಕಿತ್ತು. ಕಾರಿನಲ್ಲೇ ಕುಳಿತು ಕೈಮುಗಿದು ಬಜ್ಪೆ ವಿಮಾನ ನಿಲ್ದಾಣದ ಕಡೆ ಹೋದೆವು. ನನ್ನ ಬ್ಯಾಗಿನಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಬಿ.ಕಾಂ. ಸರ್ಟಿಫಿಕೇಟ್ ಇತ್ತು. ಉಡುಪಿಯ ಒಂದು ಆಡಿಟರ್ ಆಫೀಸಿನಲ್ಲಿ ಏಳು ವರ್ಷ ದುಡಿದ ಅನುಭವ ಪತ್ರ ಇತ್ತು. ಒಂದು ತಿಂಗಳಲ್ಲಿ ಕೆಲಸ ಸಿಗುತ್ತದೆ ಎಂದು ನಂಬಿದ್ದೆ.

ಸಿಕ್ಕಿದ್ದು ಡಿಸೆಂಬರ್‌ನಲ್ಲಿ. ತಡವಾದ ಆ ತಿಂಗಳುಗಳಲ್ಲಿ ಅರ್ಧ ಕಾಲ ಹಾಳಾದದ್ದು ಒಂದು ಕಾಗದದಿಂದ. ಅದನ್ನೇ ಮೊದಲು ಹೇಳುತ್ತೇನೆ.

ಗಂಡನ ವೀಸಾದಲ್ಲಿ ಹೋಗಲು ಮದುವೆ ಸರ್ಟಿಫಿಕೇಟ್‌ಗೆ ಅಟೆಸ್ಟೇಶನ್, ಅಂದರೆ ಅದು ಅಸಲಿ ಎಂಬ ಸರ್ಕಾರಿ ಸೀಲು, ಆಗಿರಬೇಕು. ಅದನ್ನು ಹೊರಡುವ ಮೊದಲೇ ಮಾಡಿಸಿದ್ದೆ. ಡಿಗ್ರಿ ಸರ್ಟಿಫಿಕೇಟ್‌ಗೂ ಅದೇ ರೀತಿ ಸೀಲು ಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಅಕೌಂಟೆಂಟ್ ಅಂತ ವರ್ಕ್ ಪರ್ಮಿಟ್ ಆಗಬೇಕಾದರೆ ಡಿಗ್ರಿಗೆ ಮೊದಲು ನಮ್ಮ ರಾಜ್ಯದ ಸೀಲು, ಆಮೇಲೆ ವಿದೇಶಾಂಗ ಸಚಿವಾಲಯದ್ದು, ಆಮೇಲೆ ದೆಹಲಿಯ ಯುಎಇ ರಾಯಭಾರ ಕಚೇರಿಯದ್ದು ಬೀಳಬೇಕು. ಕೊನೆಗೆ ಅಲ್ಲಿಗೆ ತಲುಪಿದ ಮೇಲೆ ಅವರ ವಿದೇಶಾಂಗ ಸಚಿವಾಲಯದ ಸೀಲು. ಬೇರೆ ಎಷ್ಟೋ ದೇಶಗಳಿಗೆ ಅಪೊಸ್ಟಿಲ್ ಎಂಬ ಒಂದೇ ಸೀಲು ಸಾಕು. ನಾನು ಹೋದಾಗ ಯುಎಇಗೆ ಅದು ಸಾಲುತ್ತಿರಲಿಲ್ಲ.

ಇದೆಲ್ಲ ಗೊತ್ತಾದದ್ದು ಸೆಪ್ಟೆಂಬರ್‌ನಲ್ಲಿ, ಒಂದು ಇಂಟರ್‌ವ್ಯೂ ಮುಗಿದ ಮೇಲೆ. "ಅಟೆಸ್ಟೆಡ್ ಡಿಗ್ರಿ ಇದೆಯಾ?" ಎಂದು ಕೇಳಿದರು. ಇಲ್ಲ ಎಂದೆ. ಮಾತು ಅಲ್ಲಿಗೇ ನಿಂತಿತು. ಊರಿಗೆ ಹೊರಟಿದ್ದ ಸಂಬಂಧಿಕರ ಕೈಯಲ್ಲಿ ಒರಿಜಿನಲ್ ಕಳಿಸಿದೆ. ಆಗ ಇನ್ನೊಂದು ತೊಡಕು. ನನ್ನ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಬರೀ ಇನಿಶಿಯಲ್. ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಬಿಡಿಸಿ ಬರೆದಿದೆ. ನಮ್ಮ ಕರಾವಳಿಯಲ್ಲಿ ಇದು ತುಂಬಾ ಜನರ ಕಥೆ. ಎರಡೂ ಹೆಸರು ಒಬ್ಬಳದ್ದೇ ಎಂದು ಅಫಿಡವಿಟ್ ಮಾಡಿಸಬೇಕಾಯಿತು. ತಮ್ಮ ಉಡುಪಿಯ ನೋಟರಿಗೂ ಬೆಂಗಳೂರಿಗೂ ಓಡಾಡಿದ. ಸರ್ಟಿಫಿಕೇಟ್ ಎಲ್ಲ ಸೀಲುಗಳ ಜೊತೆ ನನ್ನ ಕೈಗೆ ವಾಪಸ್ ಬಂದದ್ದು ನವೆಂಬರ್‌ನಲ್ಲಿ. ಮದುವೆ ಸರ್ಟಿಫಿಕೇಟ್ ಜೊತೆಗೇ ಕೊಟ್ಟಿದ್ದರೆ ಇಷ್ಟೂ ಓಡಾಟ ಉಳಿಯುತ್ತಿತ್ತು.

ಅಷ್ಟರಲ್ಲಿ ನಾನು ಸುಮ್ನೆ ಕೂತಿರಲಿಲ್ಲ. ದಿನಾ ಬೆಳಗ್ಗೆ ಗಂಡ ಹೊರಟ ಮೇಲೆ ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದೆ. ನೌಕ್ರಿಗಲ್ಫ್, ಬೈತ್, ಡುಬಿಝಲ್, ಎಲ್ಲದರಲ್ಲೂ ಅಕೌಂಟೆಂಟ್ ಎಂದು ಕಂಡದ್ದಕ್ಕೆಲ್ಲ ಅರ್ಜಿ ಹಾಕಿದೆ. ಎರಡು ತಿಂಗಳಲ್ಲಿ ನಲವತ್ತಕ್ಕೂ ಜಾಸ್ತಿ. ಕರೆ ಬಂದದ್ದು ಎರಡೇ ಎರಡು.

ಬಯೋಡೇಟಾದಲ್ಲೇ ತಪ್ಪಿತ್ತು. ಉಡುಪಿಯಲ್ಲಿ ಬರೆದ ಅದರಲ್ಲಿ ಅಪ್ಪನ ಹೆಸರು, ಎಸ್ಸೆಸ್ಸೆಲ್ಸಿ ಅಂಕ, ಹವ್ಯಾಸ, ಕೊನೆಗೆ 'ಮೇಲೆ ಹೇಳಿದ್ದೆಲ್ಲ ಸತ್ಯ' ಎಂಬ ಘೋಷಣೆ ಇತ್ತು. ಅಲ್ಲಿನವರು ಮೊದಲು ನೋಡುವುದು ಬೇರೆ. ನಿಮ್ಮ ವೀಸಾ ಯಾವುದು? ಯಾವಾಗ ಸೇರಬಲ್ಲಿರಿ? ಡ್ರೈವಿಂಗ್ ಲೈಸನ್ಸ್ ಉಂಟಾ? ಇದು ಮೊದಲ ಅರ್ಧ ಪುಟದಲ್ಲೇ ಕಾಣಬೇಕು. ಪಕ್ಕದ ಫ್ಲ್ಯಾಟಿನ ಕೇರಳದ ಅಕ್ಕ ಒಬ್ಬರು ಕೂತು ತಿದ್ದಿಸಿದರು. ಹೆಸರಿನ ಕೆಳಗೇ 'ಹಸ್ಬೆಂಡ್ ವೀಸಾ, ಕೂಡಲೇ ಸೇರಬಹುದು' ಎಂದು ಬರೆಸಿದರು. ಗಂಡನ ವೀಸಾದಲ್ಲಿ ಇರುವವರಿಗೆ ಕಂಪನಿ ರೆಸಿಡೆನ್ಸ್ ವೀಸಾ ಮಾಡಿಸಬೇಕಾಗಿಲ್ಲ. ವರ್ಕ್ ಪರ್ಮಿಟ್ ಸಾಕು. ಅವರಿಗೆ ಖರ್ಚು ಕಮ್ಮಿ. ಸಣ್ಣ ಕಂಪನಿಗಳಿಗೆ ಇದು ದೊಡ್ಡ ವಿಷಯ, ನನಗೆ ಗೊತ್ತೇ ಇರಲಿಲ್ಲ.

ಆಗ ವಾರದ ರಜೆ ಶುಕ್ರವಾರ, ಶನಿವಾರ. ನಾನು ಊರಿನ ಅಭ್ಯಾಸದಲ್ಲಿ ಶುಕ್ರವಾರ ಕೂತು ಅರ್ಜಿ ಕಳಿಸುತ್ತಿದ್ದೆ. ಅದು ಎಲ್ಲರ ಇನ್‌ಬಾಕ್ಸ್‌ನ ಅಡಿಗೆ ಹೋಗುತ್ತಿತ್ತು. ಭಾನುವಾರ ಬೆಳಗ್ಗೆ ಕಳಿಸಲು ಶುರು ಮಾಡಿದೆ. 2022ರಿಂದ ಅಲ್ಲಿ ರಜೆ ಶನಿವಾರ, ಭಾನುವಾರ ಆಗಿದೆ. ಶಾರ್ಜಾದ ಸರ್ಕಾರಿ ಕಚೇರಿಗಳಿಗೆ ಶುಕ್ರವಾರವೂ ಸೇರಿ ಮೂರು ದಿನ.

ಈ ನಡುವೆ ಒಂದು ಕನ್ಸಲ್ಟೆನ್ಸಿಗೆ 300 ದಿರ್ಹಮ್ ಕೊಟ್ಟೆ. ದುಬೈಯ ದೇರಾದಲ್ಲಿ ಮೂರನೇ ಮಹಡಿಯ ಒಂದು ಕೋಣೆ. ಹೊರಗೆ ಸಾಲು. ಫೈಲ್ ಚಾರ್ಜ್ ಎಂದರು. ಮುಂದಿನ ವಾರ ಇಂಟರ್‌ವ್ಯೂ ಎಂದರು. ಆಮೇಲೆ ಫೋನ್ ಎತ್ತಲಿಲ್ಲ. ಆ ರಾತ್ರಿ ನಾನು ಅತ್ತೆ. ಹಣಕ್ಕಿಂತ ಜಾಸ್ತಿ, ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಹುಡುಗರ ಮುಖ ನೆನಪಾಗುತ್ತಿತ್ತು. ಅವರಲ್ಲಿ ಎಷ್ಟೋ ಜನ ವಿಸಿಟ್ ವೀಸಾದಲ್ಲಿ ಬಂದವರು, ದಿನ ಎಣಿಸುತ್ತಿದ್ದವರು. ಕೆಲಸ ಕೊಡಿಸಲು ಕೆಲಸಗಾರರಿಂದ ಹಣ ತೆಗೆದುಕೊಳ್ಳುವುದು ಅಲ್ಲಿನ ಕಾನೂನಿಗೆ ವಿರುದ್ಧ. ಪರ್ಮಿಟ್, ವೀಸಾ ಖರ್ಚು ಕಂಪನಿಯದ್ದೇ. ದಯವಿಟ್ಟು ಯಾರೂ ಕೊಡಬೇಡಿ.

ನನಗೆ ದಾರಿ ತೆರೆದದ್ದು ವ್ಯಾಟ್‌ನಿಂದ, ಅಂದರೆ ನಮ್ಮ ಜಿಎಸ್‌ಟಿಯಂಥ ತೆರಿಗೆಯಿಂದ.

ಯುಎಇಯಲ್ಲಿ ವ್ಯಾಟ್ ಶುರುವಾದದ್ದು 2018ರ ಜನವರಿ 1ಕ್ಕೆ. ಸಾಮಾನ್ಯ ದರ ಶೇಕಡಾ 5. ಅದಕ್ಕೆ ಆರು ತಿಂಗಳ ಮೊದಲು, 2017ರ ಜುಲೈ 1ಕ್ಕೆ, ನಮ್ಮಲ್ಲಿ ಜಿಎಸ್‌ಟಿ ಬಂದಿತ್ತು. ಆ ದಿನಗಳಲ್ಲಿ ಉಡುಪಿಯ ನಮ್ಮ ಆಫೀಸಿನಲ್ಲಿ ರಾತ್ರಿ ಹತ್ತರವರೆಗೂ ಕೆಲಸ. ರಥಬೀದಿಯ ಅಂಗಡಿಯವರು, ಮಲ್ಪೆಯ ಬಲೆ, ಐಸ್ ವ್ಯಾಪಾರದವರು ಬಿಲ್ಲಿನ ಕಟ್ಟು ಹಿಡಿದುಕೊಂಡು ಬರುತ್ತಿದ್ದರು. ಅವರಿಗೆ ಭಯ, ನಮಗೂ ಹೊಸತು. ಓದಿ ಓದಿ ಕಲಿತೆವು. ಶಾರ್ಜಾದ ಸಣ್ಣ ವ್ಯಾಪಾರಿಗಳು ಈಗ ಅದೇ ಭಯದಲ್ಲಿದ್ದಾರೆ ಎಂದು ಅಕ್ಟೋಬರ್‌ನಲ್ಲಿ ಒಂದು ದಿನ ತಟ್ಟನೆ ಹೊಳೆಯಿತು. ನಾನು ಅರ್ಜಿ ಹಾಕುವುದನ್ನು ಮೂರು ವಾರ ನಿಲ್ಲಿಸಿಬಿಟ್ಟೆ.

ಅಲ್ಲಿನ ಫೆಡರಲ್ ಟ್ಯಾಕ್ಸ್ ಅಥಾರಿಟಿಯ ವೆಬ್‌ಸೈಟ್‌ನಲ್ಲಿ ವ್ಯಾಟ್ ಗೈಡ್‌ಗಳು ಉಚಿತವಾಗಿ ಸಿಗುತ್ತವೆ. ಪೆನ್ಸಿಲ್ ಹಿಡಿದು ಸಾಲು ಸಾಲು ಓದಿದೆ. ಎಷ್ಟೋ ವಿಷಯ ಪರಿಚಯದ್ದೇ. ನಮ್ಮ ಜಿಎಸ್‌ಟಿ ನಂಬರಿನ ಹಾಗೆ ಅಲ್ಲಿ ಟಿಆರ್‌ಎನ್ ಎಂಬ ತೆರಿಗೆ ನೋಂದಣಿ ನಂಬರ್, 15 ಅಂಕಿ. ಇನ್‌ಪುಟ್ (ಖರೀದಿಯಲ್ಲಿ ಕೊಟ್ಟ ತೆರಿಗೆ, ಕಟ್ಟಬೇಕಾದ್ದರಿಂದ ಕಳೆಯಬಹುದು), ಔಟ್‌ಪುಟ್ (ಮಾರಾಟದಲ್ಲಿ ವಸೂಲು ಮಾಡಿದ ತೆರಿಗೆ), ರಿವರ್ಸ್ ಚಾರ್ಜ್ (ಮಾರುವವರ ಬದಲು ಕೊಳ್ಳುವವರೇ ಲೆಕ್ಕ ಕೊಡುವ ತೆರಿಗೆ), ಎಲ್ಲ ಉಂಟು. ವ್ಯಾಪಾರ ವರ್ಷಕ್ಕೆ 3,75,000 ದಿರ್ಹಮ್ ದಾಟಿದರೆ ನೋಂದಣಿ ಕಡ್ಡಾಯ. ಅವಧಿ ಮುಗಿದ 28 ದಿನದೊಳಗೆ ರಿಟರ್ನ್. ತಡವಾದರೆ ಮೊದಲ ಸಲ 1,000 ದಿರ್ಹಮ್ ದಂಡ.

ಆಮೇಲೆ ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್‌ನ ಎಜುಕೇಶನಲ್ ಮೋಡ್ ಹಾಕಿಕೊಂಡೆ. ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಕಿಗೆ ಮಾತ್ರ ಎಂಟ್ರಿ ಹಾಕಬಹುದು. ಕಲಿಯಲು ಅಷ್ಟು ಧಾರಾಳ. ಮಲ್ಪೆಯ ಒಂದು ಬಲೆ ಅಂಗಡಿಯನ್ನು ಮನಸ್ಸಿನಲ್ಲೇ ಶಾರ್ಜಾಕ್ಕೆ ತಂದೆ. ಅದರ ಮೂರು ತಿಂಗಳ ಖರೀದಿ, ಮಾರಾಟ, ಆಮದು ಎಲ್ಲ ನಾನೇ ಕಲ್ಪಿಸಿ ಬರೆದೆ. ವ್ಯಾಟ್ 201 ಎಂಬ ರಿಟರ್ನ್ ಫಾರ್ಮ್ ತುಂಬಿಸಿದೆ. ತಪ್ಪಾಯಿತು, ಅಳಿಸಿ ಮತ್ತೆ ತುಂಬಿಸಿದೆ. ಐದನೇ ಸಲ ಮಾಡುವಾಗ ಕೈ ಹಿಡಿತಕ್ಕೆ ಬಂತು.

ಅಲ್ಲಿಯವರೆಗೆ ಊರಿನವರು ಸಿಕ್ಕಾಗಲೆಲ್ಲ ನಾನು ಒಂದೇ ಮಾತು ಹೇಳುತ್ತಿದ್ದೆ. "ಯಾವುದಾದ್ರೂ ಕೆಲಸ ಇದ್ರೆ ಹೇಳಿ." ಎಲ್ಲರೂ "ಹೇಳುವ, ಹೇಳುವ" ಎನ್ನುತ್ತಿದ್ದರು. ಅವರ ಮನಸ್ಸು ಒಳ್ಳೆಯದೇ. ಆದರೆ ಆ ಮಾತನ್ನು ಅವರು ಇನ್ನೊಬ್ಬರ ಹತ್ತಿರ ಹೇಗೆ ದಾಟಿಸಬೇಕು? ಪರಿಚಯದ ಹೆಂಗಸೊಬ್ಬಳು ಕೆಲಸ ಹುಡುಕುತ್ತಿದ್ದಾಳೆ, ಅಷ್ಟೇ. ಕೇಳಿದವರಿಗೆ ಅದು ನೆನಪಿನಲ್ಲಿ ಉಳಿಯುವುದಿಲ್ಲ, ಅಲ್ವಾ?

ನವೆಂಬರ್ ಶುರುವಿನಲ್ಲಿ ಬರ್ ದುಬೈಯ ದೇವಸ್ಥಾನಕ್ಕೆ ಹೋಗಿದ್ದೆವು. ಆಗ ಅದು ಇನ್ನೂ ಖಾಡಿಯ ಹತ್ತಿರವೇ ಇತ್ತು, ಒಂದು ದಿರ್ಹಮ್ ಕೊಟ್ಟರೆ ಅಬ್ರಾ ದೋಣಿಯಲ್ಲಿ ದೇರಾ ಕಡೆಗೆ ದಾಟಬಹುದಿತ್ತು. ಊರಿನ ಮೂರು ನಾಲ್ಕು ಮನೆಯವರು ಸಿಕ್ಕಿದರು. ಒಬ್ಬರು ತುಳುವಿನಲ್ಲಿ ವಿಚಾರಿಸಿದರು, ಕೆಲಸ ಆಯಿತಾ ಎಂದು. ನಾನು ಹೇಳಿದೆ: "ಇನ್ನೂ ಇಲ್ಲ. ಸಣ್ಣ ಟ್ರೇಡಿಂಗ್ ಕಂಪನಿಗಳ ಲೆಕ್ಕ ಟ್ಯಾಲಿಯಲ್ಲಿ ಸರಿಮಾಡಿ ವ್ಯಾಟ್ ರಿಟರ್ನ್ ತಯಾರು ಮಾಡ್ತೇನೆ. ಯಾರಿಗಾದ್ರೂ ಅದರಲ್ಲಿ ತೊಂದರೆ ಉಂಟಾ?" ಅವರು ಒಂದು ಕ್ಷಣ ಯೋಚಿಸಿದರು. "ನಮ್ಮ ಕಾಪುವಿನವರೊಬ್ಬರಿಗೆ ಉಂಟು. ದಂಡ ಬಿದ್ದು ತಲೆಬಿಸಿಯಲ್ಲಿದ್ದಾರೆ." ಹತ್ತು ದಿನದಲ್ಲಿ ಇಂಥ ಮೂರು ಕರೆ ಬಂದವು. ಮಾತು ಒಂದು ಬದಲಾಯಿತು, ಅಷ್ಟೇ.

ಕಾಪುವಿನವರದ್ದು ಶಾರ್ಜಾ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಟ್ಟಡ ಸಾಮಾನಿನ ವ್ಯಾಪಾರ. ಅವರು ನನ್ನ ಡಿಗ್ರಿ ಬಗ್ಗೆ ಏನೂ ಕೇಳಲಿಲ್ಲ. ಒಂದು ಬಾಕ್ಸ್ ಫೈಲ್ ಮುಂದೆ ಇಟ್ಟರು. "ಕಳೆದ ಕ್ವಾರ್ಟರಿನದ್ದು. ಎಂತ ಆಗಿದೆ ನೋಡಿ."

ಒಂದೂವರೆ ಗಂಟೆ ಕೂತೆ. ಎಸಿ ಇದ್ದರೂ ಕೈ ಬೆವರುತ್ತಿತ್ತು. ಮೊದಲು ಖರೀದಿ ಬಿಲ್ಲುಗಳನ್ನು ಬೇರೆ ಮಾಡಿದೆ. ಹನ್ನೊಂದು ಬಿಲ್ಲಿನಲ್ಲಿ ಟಿಆರ್‌ಎನ್ ಇಲ್ಲ, ಆದರೂ ಇನ್‌ಪುಟ್ ತೆಗೆದುಕೊಂಡಿದ್ದರು. ಮನೆಯವರೂ ಓಡಿಸುವ ಕಾರಿನ ರಿಪೇರಿ ಬಿಲ್ಲೂ ಅದರಲ್ಲಿ ಸೇರಿತ್ತು. ಸ್ವಂತಕ್ಕೂ ಬಳಸುವ ಕಾರಿನ ಮೇಲೆ ಇನ್‌ಪುಟ್ ಸಿಗುವುದಿಲ್ಲ. ಮೂರನೆಯದು ನನಗೆ ಇವತ್ತಿಗೂ ಖುಷಿ ಕೊಡುವ ವಿಷಯ. ಫಾರ್ಮಿನಲ್ಲಿ ಮಾರಾಟವನ್ನು ಎಮಿರೇಟ್‌ವಾರು (ನಮ್ಮಲ್ಲಿ ರಾಜ್ಯವಾರು ಎಂಬ ಹಾಗೆ) ತೋರಿಸಬೇಕು. ಮೊದಲು ಲೆಕ್ಕ ಬರೆಯುತ್ತಿದ್ದವರು ಅಜ್ಮಾನ್ ಗ್ರಾಹಕರ ಮಾರಾಟವನ್ನು ಅಜ್ಮಾನ್‌ಗೆ, ದುಬೈಯದ್ದನ್ನು ದುಬೈಗೆ ಹಾಕಿದ್ದರು. ಜಿಎಸ್‌ಟಿಯಲ್ಲಿ ಗ್ರಾಹಕರ ರಾಜ್ಯ ನೋಡಿ ಅಭ್ಯಾಸ ಆದವರು ಹೀಗೇ ಮಾಡುತ್ತಾರೆ. ಅಲ್ಲಿ ನೋಡಬೇಕಾದದ್ದು ಮಾರುವವರ ಜಾಗ. ಇವರ ಅಂಗಡಿ ಇರುವುದು ಶಾರ್ಜಾದಲ್ಲಿ ಮಾತ್ರ, ಹಾಗಾಗಿ ಎಲ್ಲವೂ ಶಾರ್ಜಾದ ಸಾಲಿಗೆ. ಮಲ್ಪೆಯ ಬಲೆ ಅಂಗಡಿಯಲ್ಲಿ ನಾನೇ ಎರಡು ಸಲ ಮಾಡಿದ ತಪ್ಪು ಅದು. ಹಾಗಾಗಿ ಕಣ್ಣಿಗೆ ಬೇಗ ಬಿತ್ತು.

"ನಾಳೆಯಿಂದ ಬನ್ನಿ, ಪರ್ಮಿಟ್ ಆಮೇಲೆ ಮಾಡುವ" ಎಂದರು. ಆಸೆ ಆಯಿತು. ಆದರೂ ಇಲ್ಲ ಎಂದೆ. ಪರ್ಮಿಟ್ ಇಲ್ಲದೆ ದುಡಿಸಿದರೆ ಆಗ 50,000 ದಿರ್ಹಮ್ ದಂಡ ಇತ್ತು. 2024ರ ತಿದ್ದುಪಡಿಯ ನಂತರ ಅದು 1 ಲಕ್ಷದಿಂದ 10 ಲಕ್ಷ ದಿರ್ಹಮ್‌ವರೆಗೆ ಏರಿದೆ. ದುಡಿದವರಿಗೂ ತೊಂದರೆ ತಪ್ಪಿದ್ದಲ್ಲ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಲೆಕ್ಕದವರು ಹೀಗೇ ಇರಬೇಕು" ಎಂದು ಕಾಗದ ಕೇಳಿದರು. ಡಿಗ್ರಿ ಬಂದು ಆಗ ಬರೀ ಆರು ದಿನ ಆಗಿತ್ತು.

ಆಫರ್ ಲೆಟರ್ ಕಾರ್ಮಿಕ ಸಚಿವಾಲಯದ ನಮೂನೆಯಲ್ಲೇ ಬರುತ್ತದೆ. ಅರೇಬಿಕ್, ಇಂಗ್ಲಿಷ್ ಜೊತೆ ನಮಗೆ ಓದಲು ಬರುವ ಇನ್ನೊಂದು ಭಾಷೆ ಆರಿಸಬಹುದು. ಒಟ್ಟು 11 ಭಾಷೆ. ಹಿಂದಿ, ಮಲಯಾಳಂ, ತಮಿಳು ಇದ್ದವು. ಕನ್ನಡ ಇರಲಿಲ್ಲ, ಮನಸ್ಸಿಗೆ ಚುಚ್ಚಿತು. ಅದರಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಬೇಸಿಕ್, ಅಂದರೆ ಭತ್ಯೆ ಬಿಟ್ಟ ಮೂಲ ಸಂಬಳ, ಎಷ್ಟು ಎಂದು. ಒಟ್ಟು ಸಂಬಳ ಚೆನ್ನಾಗಿ ಕಂಡರೂ ಬೇಸಿಕ್ ಕಮ್ಮಿ ಇದ್ದರೆ ಕೊನೆಗೆ ಸಿಗುವ ಗ್ರಾಚ್ಯುಯಿಟಿ ಕಮ್ಮಿ. ಅದರ ಲೆಕ್ಕ ಬೇಸಿಕ್ ಮೇಲೆ, ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಸಂಬಳ. ನಾನು ಕೇಳಿ ಬೇಸಿಕ್ 400 ದಿರ್ಹಮ್ ಜಾಸ್ತಿ ಮಾಡಿಸಿಕೊಂಡೆ. ಪಾಸ್‌ಪೋರ್ಟ್ ನಮ್ಮ ಹತ್ತಿರವೇ ಇರಬೇಕು, ಕಂಪನಿ ಇಟ್ಟುಕೊಳ್ಳುವ ಹಾಗಿಲ್ಲ. ಅದನ್ನು ನಾನು ಕೇಳುವ ಮೊದಲೇ ಅವರು ವಾಪಸ್ ಕೊಟ್ಟರು.

ನಾಲ್ಕೂವರೆ ವರ್ಷ ಅಲ್ಲಿ ಕೆಲಸ ಮಾಡಿದೆ. 2023ರಲ್ಲಿ ಮಗಳ ಶಾಲೆಗೆಂದು ಉಡುಪಿಗೆ ವಾಪಸ್ ಬಂದೆವು. ಈಗ ಗಲ್ಫ್‌ಗೆ ಹೊರಡುವವರು ಸಂಜೆ ಹೊತ್ತು ಮನೆಗೆ ಬರುತ್ತಾರೆ. ಲೆಕ್ಕದವರಿಗೆ ನಾನು ಹೇಳುವುದು, ಈಗ ಕಾರ್ಪೊರೇಟ್ ಟ್ಯಾಕ್ಸ್ ಓದಿ ಹೋಗಿ. 2023ರ ಜೂನ್ 1ಕ್ಕೆ ಅಥವಾ ಆಮೇಲೆ ಶುರುವಾದ ಲೆಕ್ಕ ವರ್ಷಗಳಿಗೆ ಅದು ಬಂದಿದೆ, 3,75,000 ದಿರ್ಹಮ್ ಮೇಲಿನ ಲಾಭಕ್ಕೆ ಶೇಕಡಾ 9. ವ್ಯಾಟ್ ಬಂದಾಗ ನನಗೆ ಇದ್ದ ಅವಕಾಶ ಈಗ ಅವರಿಗೆ ಅಲ್ಲಿ ಉಂಟು.

ಕಳೆದ ವಾರ ಕಲ್ಯಾಣಪುರದಿಂದ ಒಬ್ಬಳು ಲ್ಯಾಬ್ ಟೆಕ್ನಿಷಿಯನ್ ಬಂದಿದ್ದಳು. ದುಬೈಗೆ ಹೊರಟಿದ್ದಾಳೆ. ಅವಳ ದಾರಿ ಬೇರೆ. ಮೊದಲು ಡೇಟಾಫ್ಲೋದಲ್ಲಿ ಸರ್ಟಿಫಿಕೇಟ್ ಪರಿಶೀಲನೆ, ಆಮೇಲೆ ದುಬೈ ಹೆಲ್ತ್ ಅಥಾರಿಟಿಯ ಲೈಸನ್ಸ್. ಅಬುಧಾಬಿಗೆ, ಶಾರ್ಜಾಕ್ಕೆ ಬೇರೆ ಬೇರೆ ಇಲಾಖೆ. ಅದೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡೆವು. ಆಮೇಲೆ ಅವಳ ಅಂಕಪಟ್ಟಿ ಮತ್ತು ಪಾಸ್‌ಪೋರ್ಟ್ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನೋಡಿದೆ. ಒಂದರಲ್ಲಿ ಇನಿಶಿಯಲ್, ಇನ್ನೊಂದರಲ್ಲಿ ಪೂರ್ತಿ ಹೆಸರು. ಸೋಮವಾರ ಇಬ್ಬರೂ ನೋಟರಿ ಹತ್ತಿರ ಹೋಗುತ್ತಿದ್ದೇವೆ.