ಫಾರ್ಮ್ಯಾಟ್ ಹೊಡೆಯದೆ ‘ವರ್ಚುವಲ್ ಮಷೀನ್’ ಕಾಟ ಬಿಡಿಸಿದ್ದು: ರಾಯಚೂರಿನ ನನ್ನ ಅನುಭವ

ಮನೆಯಲ್ಲೇ ಕೂತು ಆನ್‌ಲೈನ್ ಪರೀಕ್ಷೆ ಬರೆಯುವ ಹುಡುಗರ ಲ್ಯಾಪ್‌ಟಾಪ್ ನಿಮ್ಮ ರಿಪೇರಿ ಟೇಬಲ್ಲಿಗೂ ಬಂದಿರುತ್ತೆ. ಕ್ಯಾಂಪಸ್ ಟೆಸ್ಟ್, ಸರ್ಟಿಫಿಕೇಟ್ ಪರೀಕ್ಷೆ, ಏನೋ ಒಂದು. ಪರೀಕ್ಷೆಯ ಸಾಫ್ಟ್‌ವೇರ್ ಓಪನ್ ಆದ ಕೂಡಲೇ ‘ವರ್ಚುವಲ್ ಮಷೀನ್ ಡಿಟೆಕ್ಟೆಡ್’ ಅಂತ ಹೇಳಿ ಬಾಗಿಲು ಹಾಕಿಬಿಡುತ್ತೆ. ಪಾಪ, ಅರ್ಧ ಹುಡುಗರಿಗೆ ವರ್ಚುವಲ್ ಮಷೀನ್ ಅಂದ್ರೆ ಏನು ಅಂತಾನೇ ಗೊತ್ತಿರಲ್ಲ. ಅದು ಒಂದು ಕಂಪ್ಯೂಟರ್ ಒಳಗೇ ಸಾಫ್ಟ್‌ವೇರ್‌ನಿಂದ ಓಡಿಸುವ ಇನ್ನೊಂದು ಕಂಪ್ಯೂಟರ್. ಸ್ಟೇಷನ್ ರೋಡಿನಿಂದ ತೀನ್ ಕಂದೀಲ್‌ವರೆಗೆ ಯಾವ ಅಂಗಡಿಯಲ್ಲಿ ಕೇಳಿದರೂ ಒಂದೇ ಮಾತು: ಫಾರ್ಮ್ಯಾಟ್ ಹೊಡಿ. ಫಾರ್ಮ್ಯಾಟ್ ಬೇಡ, ಸೆಟ್ಟಿಂಗ್‌ನಲ್ಲೇ ಹೋಗುತ್ತೆ ಅಂತ ನಾನಂದಾಗ ನಕ್ಕವರೇ ಜಾಸ್ತಿ. ಈಗ ಅವರೇ ಗಿರಾಕಿಗಳನ್ನು ನನ್ನ ಹತ್ರ ಕಳಿಸ್ತಾರೆ.

ಮಾನ್ವಿ ಕಡೆಯ ಒಬ್ಬ ಇಂಜಿನಿಯರಿಂಗ್ ಹುಡುಗಿಯ ಮಷೀನ್ ಬಂದ ಮೇಲೆ ನನಗೆ ವಿಷಯ ಪೂರ್ತಿ ಹಿಡಿತಕ್ಕೆ ಸಿಕ್ತು. ‘ಫಾರ್ಮ್ಯಾಟ್ ಹೊಡಿಸಿದ್ರೂ ಹಂಗ ಬರಾಕತ್ತದ್ರಿ ಅಣ್ಣಾ’ ಅಂತ ತಂದಿಟ್ಟಳು. ಒಂದು ಅಂಗಡಿಯಲ್ಲಿ ಐನೂರೋ ಆರುನೂರೋ ಕೊಟ್ಟು ಹೊಸ ವಿಂಡೋಸ್ 11 ಹಾಕಿಸಿದ್ದಳು. ಅದಕ್ಕೂ ಮೊದಲು ಇನ್ನೊಂದು ಅಂಗಡಿಯಲ್ಲಿ ವೈರಸ್ ಅಂತ ಹೇಳಿ ಆಂಟಿವೈರಸ್ ಮಾರಿದ್ದರು, ಅದೊಂದು ಏಳುನೂರು. ಪರೀಕ್ಷೆಯ ಫೀಸೇ ಹತ್ತು ಸಾವಿರದ ಆಸುಪಾಸು. ಎರಡು ದಿನ ಮಾತ್ರ ಉಳಿದಿತ್ತು.

ಇಲ್ಲೇ ಇರೋದು ತಮಾಷೆ. ವಿಂಡೋಸ್ 11 ಅನ್ನು ಹೊಸದಾಗಿ ಹಾಕಿದರೆ, ಮಷೀನ್ ತಾಳುವಂಥದ್ದಾಗಿದ್ದರೆ, ಕೋರ್ ಐಸೋಲೇಶನ್ ಒಳಗಿನ ಮೆಮೊರಿ ಇಂಟೆಗ್ರಿಟಿ ಅನ್ನೋ ಭದ್ರತೆಯ ಸೆಟ್ಟಿಂಗ್ ತಾನಾಗೇ ಆನ್ ಆಗಿರುತ್ತೆ. ಅದು ಆನ್ ಇದ್ದರೆ ಹೈಪರ್‌ವೈಸರ್, ಅಂದ್ರೆ ವರ್ಚುವಲ್ ಮಷೀನ್‌ಗಳನ್ನು ಓಡಿಸುವ ತಳದ ಪದರ, ಎದ್ದಿರುತ್ತೆ. ಅಂದ್ರೆ ಫಾರ್ಮ್ಯಾಟ್ ಹೊಡೆದು ರೋಗವನ್ನು ನಾವೇ ಮತ್ತೆ ಹಚ್ಚುತ್ತಿದ್ದೇವೆ, ಅಲ್ವಾ? ವಿಂಡೋಸ್ 10 ಹಾಕಿದವರಿಗೆ ಸಾಮಾನ್ಯವಾಗಿ ಈ ಕಾಟ ಇರುತ್ತಿರಲಿಲ್ಲ, ಅಲ್ಲಿ ಅದು ಆಫ್ ಇರುತ್ತಿತ್ತು. ಅದಕ್ಕೇ ‘10 ಹಾಕಿದ್ರೆ ಆಯ್ತು’ ಅನ್ನೋ ಮಾತು ಊರೆಲ್ಲ ಓಡಾಡಿತು. ಆದರೆ 10ಕ್ಕೆ 2025ರ ಅಕ್ಟೋಬರ್‌ಗೆ ಸಪೋರ್ಟ್ ಮುಗಿಯಿತು. ಈಗಲೂ ಗಿರಾಕಿಗೆ ಅದನ್ನೇ ಹಾಕಿ ಕಳಿಸೋದು ನನಗೆ ಸರಿ ಕಾಣಲ್ಲ.

ಪರೀಕ್ಷೆಯ ಸಾಫ್ಟ್‌ವೇರ್ ಪೂರ್ತಿ ಸುಳ್ಳೇನೂ ಹೇಳ್ತಿಲ್ಲ. ಅದು ಪ್ರೊಸೆಸರ್‌ಗೆ ಸಿಪಿಯುಐಡಿ ಅನ್ನೋ ಸೂಚನೆಯ ಮೂಲಕ ಒಂದು ಪ್ರಶ್ನೆ ಕೇಳುತ್ತೆ: ಕೆಳಗೆ ಹೈಪರ್‌ವೈಸರ್ ಇದೆಯಾ? ಇದ್ದರೆ ಉತ್ತರದ 31ನೇ ಬಿಟ್ 1 ಆಗಿರುತ್ತೆ. ವಿಂಡೋಸ್‌ನದೇ ಹೈಪರ್‌ವೈಸರ್ ಆದ ಹೈಪರ್-ವಿ ಎದ್ದಾಗ ನಮ್ಮ ಅಸಲಿ ವಿಂಡೋಸ್ ಕೂಡ ಅದರ ಮೇಲೆಯೇ ಕೂರುತ್ತೆ. ಮನೆ ಮಾಲೀಕನೇ ಮೇಲಿನ ಮಹಡಿಗೆ ಹೋದರೆ ಅವನನ್ನೂ ಬಾಡಿಗೆದಾರ ಅಂದ ಹಾಗೆ. ಬರೀ ಆ ಒಂದು ಬಿಟ್ ನೋಡಿ ತೀರ್ಮಾನ ಮಾಡುವ ಸಾಫ್ಟ್‌ವೇರ್ ಇಲ್ಲೇ ಎಡವುತ್ತೆ.

‘ನಿನ್ನ ಗಿರಾಕಿದು ಹೋಮ್ ಎಡಿಷನ್, ಅದರಾಗ ಹೈಪರ್-ವಿನೇ ಇಲ್ಲ, ಏನ್ ಆಫ್ ಮಾಡ್ತಿ’ ಅಂತ ಪಕ್ಕದ ಅಂಗಡಿಯ ಹಿರಿಯರೊಬ್ಬರು ನನಗೆ ವಾದ ಹಾಕಿದ್ದರು. ಹೋಮ್‌ನಲ್ಲಿ ಇಲ್ಲದಿರೋದು ವಿಂಡೋಸ್ ಫೀಚರ್ಸ್ ಪಟ್ಟಿಯ ಹೈಪರ್-ವಿ ಅನ್ನೋ ಐಟಂ. ಕೆಳಗಿನ ಹೈಪರ್‌ವೈಸರ್ ಅಲ್ಲೂ ಇದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಸಿಸ್ಟಮ್‌ಇನ್ಫೋ ಹೊಡೆದು ಕೊನೆಗೆ ಇಳಿದು ತೋರಿಸಿದೆ. ‘ಎ ಹೈಪರ್‌ವೈಸರ್ ಹ್ಯಾಸ್ ಬೀನ್ ಡಿಟೆಕ್ಟೆಡ್’ ಅಂತ ಒಂದು ಸಾಲು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಹೈಪರ್‌ವೈಸರ್ ಮಲಗಿದ್ದರೆ ಅದೇ ಜಾಗದಲ್ಲಿ ನಾಲ್ಕು ಸಾಲು ಬರುತ್ತೆ, ಒಂದೊಂದರ ಮುಂದೆ ಯೆಸ್ ಅಥವಾ ನೋ. ನನಗೆ ಬೇಕಾದದ್ದು ಆ ನಾಲ್ಕು ಸಾಲು, ಅಷ್ಟೇ. ಟಾಸ್ಕ್ ಮ್ಯಾನೇಜರ್‌ನಲ್ಲಿ ‘ವರ್ಚುವಲೈಸೇಶನ್: ಎನೇಬಲ್ಡ್’ ನೋಡಿ ಗಾಬರಿ ಆಗೋರು ತುಂಬಾ ಜನ. ಅದು ಬಯೋಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್‌ನಲ್ಲಿ) ಸವಲತ್ತು ತೆರೆದಿದೆ ಅನ್ನೋದಷ್ಟನ್ನೇ ಹೇಳುತ್ತೆ. ಅದನ್ನು ನೋಡಿ ನಿರ್ಧಾರ ಮಾಡಬೇಡಿ.

ನಾನು ಮಾಡೋದು ಇಷ್ಟು. ಮೆಮೊರಿ ಇಂಟೆಗ್ರಿಟಿ ಆಫ್. ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಹೈಪರ್-ವಿ, ವರ್ಚುವಲ್ ಮಷೀನ್ ಪ್ಲಾಟ್‌ಫಾರ್ಮ್, ಹೈಪರ್‌ವೈಸರ್ ಪ್ಲಾಟ್‌ಫಾರ್ಮ್, ಸ್ಯಾಂಡ್‌ಬಾಕ್ಸ್, ಇವುಗಳಲ್ಲಿ ಏನಿದ್ದರೂ ಟಿಕ್ ತೆಗೆಯೋದು. ಬೂಟ್ ಸೆಟ್ಟಿಂಗ್ ಬದಲಿಸುವ ಬಿಸಿಡಿಎಡಿಟ್ ಕಮಾಂಡ್‌ನಲ್ಲಿ ಹೈಪರ್‌ವೈಸರ್ ಲಾಂಚ್ ಟೈಪ್ ಆಫ್. ಆಮೇಲೆ ರೀಸ್ಟಾರ್ಟ್. ಶಟ್‌ಡೌನ್ ಮಾಡಿ ಆನ್ ಮಾಡಿದರೆ ಸಾಲಲ್ಲ. ಫಾಸ್ಟ್ ಸ್ಟಾರ್ಟಪ್ ಇದ್ದರೆ ಶಟ್‌ಡೌನ್ ಅಂದ್ರೆ ಅರೆನಿದ್ದೆ, ವಿಂಡೋಸ್‌ನ ತಿರುಳಾದ ಹಳೇ ಕರ್ನಲ್ಲೇ ಮತ್ತೆ ಎದ್ದು ಬರುತ್ತೆ. ‘ನೀವು ಹೇಳಿದಂಗೇ ಮಾಡಿದೆ, ಆಗ್ಲಿಲ್ಲ’ ಅಂತ ಫೋನ್ ಮಾಡೋರಲ್ಲಿ ಮುಕ್ಕಾಲು ಪಾಲು ಜನ ಶಟ್‌ಡೌನ್ ಮಾಡಿದವರೇ. ಆ ಹುಡುಗಿಯ ಮಷೀನ್ ಟೀ ತರಿಸಿ ಕುಡಿಯೋದರೊಳಗೆ ರೆಡಿ ಆಯ್ತು. ಮುನ್ನೂರು ತಗೊಂಡೆ.

ಇಷ್ಟು ಸುಲಭಕ್ಕೆ ಎಲ್ಲ ಮಷೀನ್‌ಗಳೂ ಬಗ್ಗಲ್ಲ. ನಮ್ಮ ಕಡೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಅಂದ್ರೆ ಸಿಕಂದರಾಬಾದಿನ ಕಂಪ್ಯೂಟರ್ ಮಾರುಕಟ್ಟೆ ಸಿಟಿಸಿ. ಬೆಳಿಗ್ಗೆ ರೈಲು ಹತ್ತಿದರೆ ಹದಿನೆಂಟು ಇಪ್ಪತ್ತು ಸಾವಿರಕ್ಕೆ ಒಳ್ಳೇ ಕಂಪನಿ ಮಾಲು ತಗೊಂಡು ರಾತ್ರಿ ವಾಪಸ್. ಇವೆಲ್ಲ ದೊಡ್ಡ ಆಫೀಸುಗಳಲ್ಲಿ ಓಡಿ ಹೊರಬಿದ್ದ ಮಷೀನ್‌ಗಳು. ಅಲ್ಲಿಯ ಐಟಿಯವರು ಕೆಲವೊಮ್ಮೆ ಭದ್ರತೆಯ ಸೆಟ್ಟಿಂಗ್‌ಗೆ ಯುಇಎಫ್‌ಐ (ಹೊಸ ಕಾಲದ ಬಯೋಸ್) ಲಾಕ್ ಹಾಕಿರುತ್ತಾರೆ. ಲಾಕ್ ಇರೋದು ಡಿಸ್ಕ್‌ನಲ್ಲಲ್ಲ, ಬೋರ್ಡಿನ ಫರ್ಮ್‌ವೇರ್‌ನಲ್ಲಿ. ಎಸ್‌ಎಸ್‌ಡಿನೇ ಬದಲಾಯಿಸಿದರೂ ಅದು ಹೋಗಲ್ಲ. ಮೇಲೆ ಹೇಳಿದ್ದೆಲ್ಲ ಮಾಡಿದ ಮೇಲೂ ಸಿಸ್ಟಮ್ ಇನ್ಫರ್ಮೇಶನ್‌ನಲ್ಲಿ ವರ್ಚುವಲೈಸೇಶನ್ ಬೇಸ್ಡ್ ಸೆಕ್ಯುರಿಟಿ ‘ರನ್ನಿಂಗ್’ ಅಂತಾನೇ ತೋರಿಸ್ತಿದ್ದರೆ ಇದೇ ಕಾರಣ ಇರಬಹುದು ಅಂತ ಅನುಮಾನಿಸಿ. ಇಂಥ ಒಂದು ಮಷೀನ್ ನನ್ನ ಒಂದು ವಾರ ತಿಂದಿತು. ರಿಜಿಸ್ಟ್ರಿ, ಗ್ರೂಪ್ ಪಾಲಿಸಿ, ಎಲ್ಲ ಕೆದಕಿದೆ. ಕೊನೆಗೆ ದಾರಿ ಸಿಕ್ಕಿದ್ದು ಡಿಸ್ಕ್‌ನಲ್ಲಿ ಬೂಟ್ ಫೈಲ್‌ಗಳಿರುವ ಇಎಫ್‌ಐ ಪಾರ್ಟಿಷನ್‌ನಲ್ಲಿ. ವಿಂಡೋಸ್ ಫೋಲ್ಡರ್‌ನಲ್ಲೇ ಇರುವ ಸೆಕ್‌ಕಾನ್ಫಿಗ್ ಅನ್ನೋ ಫೈಲ್ ಅಲ್ಲಿಗೆ ಒಯ್ದು, ಒಂದು ಸಲಕ್ಕೆ ಮಾತ್ರ ಅದರಿಂದ ಬೂಟ್ ಮಾಡಿಸಬೇಕು. ಪರದೆ ಮೇಲೆ ಒಂದು ಪ್ರಶ್ನೆ ಬರುತ್ತೆ, ಹೂಂ ಅನ್ನಬೇಕು. ಎದುರಿಗೆ ಕೂತಿದ್ದು ಕೀ ಒತ್ತಲಿಲ್ಲ ಅಂದ್ರೆ ಮಾಡಿದ್ದೆಲ್ಲ ನೀರುಪಾಲು. ಕಮಾಂಡ್‌ಗಳ ಕ್ರಮ ನಾನಿಲ್ಲಿ ಕೊಡ್ತಿಲ್ಲ. ಈ ಕೆಲಸಕ್ಕೆ ಎಂಟುನೂರು ತಗೊಳ್ತೀನಿ, ಹೊಟ್ಟೆಪಾಡು.

ಬಯೋಸ್‌ನಲ್ಲಿ ವಿಟಿ (ಪ್ರೊಸೆಸರ್‌ನ ವರ್ಚುವಲೈಸೇಶನ್ ಸವಲತ್ತು) ಆಫ್ ಮಾಡಿದರೆ ಮುಗೀತಲ್ಲ ಅಂತ ಕೇಳ್ತೀರಿ. ಕಂಪ್ಯೂಟರ್ ಸೈನ್ಸ್ ಹುಡುಗರಿಗೆ ಹಾಗೆ ಮಾಡಿ ಕೊಟ್ಟರೆ ಅವತ್ತು ರಾತ್ರಿಯೇ ಫೋನ್ ಬರುತ್ತೆ, ಕಂಪ್ಯೂಟರ್‌ನಲ್ಲಿ ಫೋನ್ ಓಡಿಸುವ ಆಂಡ್ರಾಯ್ಡ್ ಎಮ್ಯುಲೇಟರ್ ಏಳ್ತಿಲ್ಲ ಅಂತ. ಅದಕ್ಕಿಂತ ದೊಡ್ಡ ಗಂಡಾಂತರ ಡಿಸ್ಕ್‌ಗೆ ಬೀಗ ಹಾಕಿಡುವ ಬಿಟ್‌ಲಾಕರ್. ಸಿಂಧನೂರಿನಲ್ಲಿ ಗೆಳೆಯನೊಬ್ಬ ತನ್ನ ಗಿರಾಕಿಯ ಮಷೀನಿನ ಬಯೋಸ್ ಮುಟ್ಟಿದ, ಮಷೀನ್ 48 ಅಂಕಿಯ ರಿಕವರಿ ಕೀ ಕೇಳಿತು. ಕೀ ಇದ್ದದ್ದು ಲ್ಯಾಪ್‌ಟಾಪ್ ಸೆಟಪ್ ಮಾಡಿಕೊಟ್ಟ ಗಿರಾಕಿಯ ಭಾವನ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ. ಭಾವ ದುಬೈನಲ್ಲಿ, ಪಾಸ್‌ವರ್ಡ್ ಅವನಿಗೂ ನೆನಪಿಲ್ಲ. ಪರೀಕ್ಷೆ ಹೋಯ್ತು, ಪ್ರಾಜೆಕ್ಟ್ ರಿಪೋರ್ಟೂ ಹೋಯ್ತು. ಗೆಳೆಯ ಎರಡೂವರೆ ಸಾವಿರ ಕೈಯಿಂದ ಕೊಟ್ಟು ಸಮಾಧಾನ ಮಾಡಬೇಕಾಯ್ತು. ಹೋಮ್ ಎಡಿಷನ್‌ನಲ್ಲೂ ಡಿವೈಸ್ ಎನ್‌ಕ್ರಿಪ್ಷನ್ ಅಂತ ಬೇರೆ ಹೆಸರಲ್ಲಿ ಇದೇ ಕೂತಿರುತ್ತೆ. ಯಾವುದೇ ಸೆಟ್ಟಿಂಗ್‌ಗೆ ಕೈ ಹಾಕೋ ಮೊದಲು ಕೀ ಎಲ್ಲಿದೆ ಅಂತ ಗಿರಾಕಿಯಿಂದಲೇ ತೆಗೆಸಿ, ಫೋಟೋ ಹೊಡ್ಕೊಂಡು, ಬಿಟ್‌ಲಾಕರ್ ಸಸ್ಪೆಂಡ್ ಮಾಡಿ.

ಗಿರಾಕಿ ಇಲ್ಲದ ಮಧ್ಯಾಹ್ನ ಸುಮ್ನೆ ಕೂರೋ ಬದಲು ಅಂಗಡಿಯ ಹಳೇ ಡೆಸ್ಕ್‌ಟಾಪ್ ಮೇಲೆ ಆಟ ಆಡಿದೆ. ಮೇ ತಿಂಗಳು, ಹೊರಗೆ ನಲವತ್ತೆರಡು ಡಿಗ್ರಿ, ಯಾರೂ ಬರೋದಿಲ್ಲ. ಹೈಪರ್‌ವೈಸರ್ ಪೂರ್ತಿ ಆಫ್ ಮಾಡಿ ವರ್ಚುವಲ್ ಮಷೀನ್ ಓಡಿಸುವ ವರ್ಚುವಲ್‌ಬಾಕ್ಸ್ ಸಾಫ್ಟ್‌ವೇರನ್ನು ಬರೀ ಇನ್‌ಸ್ಟಾಲ್ ಮಾಡಿದೆ, ಓಪನ್ ಕೂಡ ಮಾಡಲಿಲ್ಲ. ಒಂದು ಪರೀಕ್ಷೆ ಸಾಫ್ಟ್‌ವೇರ್‌ನ ಸಿಸ್ಟಮ್ ಚೆಕ್ ಸುಮ್ಮನಿತ್ತು, ಇನ್ನೊಂದು ಬೈದಿತು. ಬೈದದ್ದು ವರ್ಚುವಲ್‌ಬಾಕ್ಸ್ ಹಾಕಿದ ಹೋಸ್ಟ್ ಓನ್ಲಿ ನೆಟ್‌ವರ್ಕ್ ಅಡಾಪ್ಟರ್ ನೋಡಿ. ಮ್ಯಾಕ್ ಅಡ್ರೆಸ್ (ಅಡಾಪ್ಟರ್‌ನ ಗುರುತಿನ ನಂಬರ್) 0ಎ-00-27ರಿಂದ ಶುರುವಾಗುತ್ತಲ್ಲ, ಅದೇ. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಅಡಾಪ್ಟರ್ ಕಿತ್ತ ಮೇಲೆ ಚೆಕ್ ಪಾಸ್. ಅವತ್ತಿನಿಂದ ಹಿಡನ್ ಡಿವೈಸ್‌ಗಳನ್ನೂ ತೋರಿಸಿಕೊಂಡು ಹುಡುಕ್ತೀನಿ. ಎಂದೋ ತೆಗೆದ ಎಮ್ಯುಲೇಟರ್‌ನ ಅವಶೇಷ ಅಲ್ಲಿ ಮಸುಕಾಗಿ ಕೂತಿರುತ್ತೆ.

ಇನ್ನೊಂದು ಜಾತಿ ಬೋರ್ಡ್ ಬದಲಾಯಿಸಿದ ಮಷೀನ್‌ಗಳು. ಕಂಪನಿ ಹೆಸರು, ಮಾಡೆಲ್, ಸೀರಿಯಲ್ ಇರಬೇಕಾದ ಜಾಗದಲ್ಲಿ ‘ಡೀಫಾಲ್ಟ್ ಸ್ಟ್ರಿಂಗ್’ ಅಥವಾ ‘ಟು ಬಿ ಫಿಲ್ಡ್ ಬೈ ಓಇಎಂ’ ಅಂತ ಇರುತ್ತೆ. ಇದನ್ನು ಕಂಡು ಅನುಮಾನ ಪಡುವ ಸಾಫ್ಟ್‌ವೇರ್ ನನಗೆ ಒಂದು ಸಿಕ್ಕಿದೆ. ಲ್ಯಾಪ್‌ಟಾಪ್ ಹಿಂದಿನ ಸ್ಟಿಕರ್‌ನಲ್ಲಿರುವ ಅಸಲಿ ನಂಬರ್ ಬೋರ್ಡಿಗೆ ಬರೆದ ಮೇಲೆ ಅದೂ ಬಾಯಿ ಮುಚ್ಚಿತು. ಯಾವ ಟೂಲ್‌ನಿಂದ ಬರೆದೆ ಅಂತ ಹೇಳಲ್ಲ. ತಪ್ಪಿದರೆ ಬೋರ್ಡೇ ಹೋಗುತ್ತೆ, ಮತ್ತೆ ನನ್ನ ಮೇಲೆ ಬರ್ತೀರಿ.

ವಿಷಯ ಬಾಯಿಂದ ಬಾಯಿಗೆ ಹರಡಿದ ಮೇಲೆ ಬೇರೆ ಥರದ ಗಿರಾಕಿಯೂ ಬಂದ. ‘ಅಣ್ಣಾ, ಪರೀಕ್ಷಿ ವರ್ಚುವಲ್ ಮಷೀನ್ ಒಳಗ ಓಡಬೇಕು, ಹೊರಗ ಉತ್ತರ ನೋಡ್ತೀನಿ, ಗೊತ್ತಾಗಬಾರ್ದು. ಐದು ಸಾವಿರ ಕೊಡ್ತೀನಿ.’ ಐದು ಸಾವಿರ ಅಂದ್ರೆ ಅಂಗಡಿಯ ಅರ್ಧ ತಿಂಗಳ ಬಾಡಿಗೆ. ಹೋಗಪ್ಪ ಅಂದೆ. ಇಲ್ಲದ ವರ್ಚುವಲ್ ಮಷೀನ್ ಇಲ್ಲ ಅಂತ ತೋರಿಸೋದು ನನ್ನ ಕೆಲಸ. ಇರೋದನ್ನು ಮುಚ್ಚಿಡೋದಲ್ಲ.

ಗಿರಾಕಿಗೆ ಎರಡು ಮಾತು ಹೇಳಿ ಕಳಿಸ್ತೀನಿ. ಪರೀಕ್ಷೆ ಮುಗಿಯೋವರೆಗೂ ವಿಂಡೋಸ್ ಅಪ್‌ಡೇಟ್ ಪಾಜ್ ಮಾಡಿ ನಿಲ್ಲಿಸಿಡು, ದೊಡ್ಡ ಅಪ್‌ಡೇಟ್ ಆದ ಮೇಲೆ ಆಫ್ ಮಾಡಿದ್ದು ಮತ್ತೆ ಆನ್ ಆಗಿದ್ದನ್ನು ನೋಡಿದ್ದೀನಿ. ಮುಗಿದ ಮೇಲೆ ಮೆಮೊರಿ ಇಂಟೆಗ್ರಿಟಿ ವಾಪಸ್ ಆನ್ ಮಾಡಿಸ್ಕೊ, ದುಡ್ಡು ಬೇಡ. ಅದು ಕೆಟ್ಟ ಡ್ರೈವರ್‌ಗಳನ್ನು ತಡೆಯೋ ಕಾವಲು, ಸುಮ್ಮನೆ ಆಫ್ ಇಡಬಾರದು. ಆದರೆ ಪುಕ್ಕಟೆ ಅಂದರೂ ವಾಪಸ್ ಬರೋರು ಹತ್ತಕ್ಕೆ ಇಬ್ಬರು. ಹಾಗಾಗಿ ಈಗ ಆನ್ ಮಾಡೋ ಬ್ಯಾಚ್ ಫೈಲ್ ಒಂದನ್ನು ಡೆಸ್ಕ್‌ಟಾಪ್ ಮೇಲೆ ಹಾಕಿಯೇ ಕೊಡ್ತೀನಿ, ‘ಪರೀಕ್ಷೆ ಮುಗೀತು’ ಅಂತ ಹೆಸರಿಟ್ಟು.