ನಾವೇ ಬೂತ್ ಹೊತ್ತುಕೊಂಡು ಹೋದೆವು

ನಾನು ಛತ್ತೀಸ್‌ಗಢದ ಬಸ್ತರ್ ಕಡೆ, ದಂತೇವಾಡ ಜಿಲ್ಲೆಯ ಅದಿರು ಗಣಿಯಲ್ಲಿ ಇಂಜಿನಿಯರ್. ಚುನಾವಣೆ ಬಂತೆಂದರೆ ನಮ್ಮನ್ನೂ ಡ್ಯೂಟಿಗೆ ಎಳೆಯುತ್ತಾರೆ. ಯಂತ್ರ ಪಡೆಯುವ ಮಸ್ಟರಿಂಗ್, ಯಂತ್ರ ಪರೀಕ್ಷಿಸುವ ಮಾಕ್ ಪೋಲ್, ವೋಟಿನ ಲೆಕ್ಕ ಬರೆಯುವ 17ಸಿ ಫಾರಂ, ಆ ವಿವರವೆಲ್ಲ ಇಲ್ಲಿ ಬೇಡ, ಬಿಡಿ.

2013ರಲ್ಲಿ ಪಿಆರ್‌ಓ, ಅಂದರೆ ಬೂತಿನ ಮುಖ್ಯಸ್ಥ ಆಗಿದ್ದೆ. ಇಂದ್ರಾವತಿ ಹೊಳೆಯ ಆಚೆಯ ಊರಿನ ಬೂತನ್ನು ನಕ್ಸಲರ ಭಯಕ್ಕೆ, ಭದ್ರತೆ ಅಂತ ಈಚೆ ದಡಕ್ಕೆ ತಂದಿದ್ದರು. ದಿನವಿಡೀ ಕೂತೆ, ಬಿದ್ದದ್ದು ನಾಲ್ಕು ವೋಟು. ಅದರಲ್ಲಿ ಒಂದು ನಮ್ಮ ಪೋಲಿಂಗ್ ಆಫೀಸರ್‌ದೇ, ಇಡಿಸಿ (ಚುನಾವಣಾ ಡ್ಯೂಟಿಯವರಿಗೆ ಕೊಡುವ ಸರ್ಟಿಫಿಕೇಟ್) ಮೇಲೆ!

2018ರಲ್ಲಿ ಸೆಕ್ಟರ್ ಆಫೀಸರ್ ಮಾಡಿದರು, ಹಲವು ಬೂತುಗಳ ಉಸ್ತುವಾರಿ. ಜನ ಬರದಿದ್ದರೆ ನಾವೇ ಕರೆತರೋಣ ಅಂತ ಎರಡು ದೋಣಿ ಗೊತ್ತು ಮಾಡಿದೆ. ಸುಮಾರು ನಾಲ್ಕು ಸಾವಿರ, ನನ್ನ ಜೇಬಿಂದ. ವೋಚರ್ ಇಲ್ಲ ಅಂತ ಬಿಲ್ ವಾಪಸ್ ಬಂತು. ವೋಟು ನಲವತ್ತರ ಆಸುಪಾಸು. ಎರಡು ವಾರ ಮುಂಚೆಯಷ್ಟೇ ನಮ್ಮ ಜಿಲ್ಲೆಯಲ್ಲೇ ದೂರದರ್ಶನದ ಕ್ಯಾಮೆರಾಮನ್ ನಕ್ಸಲರ ದಾಳಿಯಲ್ಲಿ ಸತ್ತಿದ್ದರು, ಅಂಥದ್ದರಲ್ಲಿ ನಟ್ಟನಡು ಹೊಳೆಯಲ್ಲಿ ದೋಣಿ ಹತ್ತಿ ಕೂತರೆ ಇವನು ವೋಟಿಗೆ ಹೊರಟ ಅಂತ ಡಂಗುರ ಹೊಡೆದ ಹಾಗೆ ಅಲ್ವಾ. ಇಷ್ಟು ನನಗೆ ಹೊಳೆದದ್ದು ದುಡ್ಡು ಹೋದಮೇಲೆ. ಜನಕ್ಕೆ ಬೂತಿನ ಹೆದರಿಕೆಗಿಂತ ಊರು ಬಿಟ್ಟು ಹೋಗಿದ್ದನ್ನು 'ಒಳಗಿನವರು' (ನಕ್ಸಲರಿಗೆ ಅಲ್ಲಿ ಅದೇ ಹೆಸರು) ನೋಡುತ್ತಾರೆ ಅನ್ನೋದೇ ಜಾಸ್ತಿ.

ಇನ್ನೊಂದು ಕಾಟ ಶಾಯಿಯದ್ದು. ಗುರುತಿದ್ದ ಬೆರಳು ಕತ್ತರಿಸುತ್ತೇವೆ ಅಂತ ಬೆದರಿಕೆ. ನಮ್ಮ ಮೈಸೂರಿನದೇ ಶಾಯಿ, ಅಷ್ಟು ಸುಲಭಕ್ಕೆ ಹೋಗುತ್ತಾ? ಡ್ಯೂಟಿ ಮುಗಿದಮೇಲೆ ಬಾಟಲಿ ತಳದಲ್ಲಿ ಉಳಿದದ್ದನ್ನು ಸುಮ್ನೆ ನನ್ನ ಹೆಬ್ಬೆರಳಿಗೇ ಹಚ್ಚಿ ನಿಂಬೆಹಣ್ಣು, ಬೂದಿ, ಸೀಮೆಎಣ್ಣೆ ಎಲ್ಲ ಉಜ್ಜಿದೆ. ಚರ್ಮ ಕಿತ್ತು ಬಂತು, ಕಪ್ಪು ಹೋಗಲಿಲ್ಲ.

2023ಕ್ಕೆ ಬೂತನ್ನು ಊರಿನೊಳಗೇ ಇಡಿ ಅಂತ ಬರೆದುಕೊಟ್ಟೆ. ಜೊತೆಯವರು 'ಸಾಯೋಕೆ ಹೊರಟಿದ್ದೀರಾ ಸಾರ್' ಅಂದರು. ಆ ವರ್ಷ ಬಸ್ತರ್ ಕಡೆ ನೂರಕ್ಕೂ ಹೆಚ್ಚು ಊರುಗಳಿಗೆ ಹೊಸದಾಗಿ ಬೂತ್ ಬಂತು, ನಮ್ಮದೂ ಒಂದು. ವಾಹನ ಬೇಡವೇ ಬೇಡ ಅಂದೆ. ಹಿಂದಿನ ದಿನ ನಸುಕಿನಲ್ಲಿ ಹೊರಟು ಹನ್ನೊಂದು ಹನ್ನೆರಡು ಕಿಲೋಮೀಟರ್ ನಡೆದೆವು. ದಾರಿ ಯಾವುದು, ಅದನ್ನು ಯಾರು ಹೇಳಿದರು ಅಂತ ಮಾತ್ರ ಕೇಳಬೇಡಿ. ಯಂತ್ರಗಳನ್ನು ಚಾಪೆ, ಸೊಳ್ಳೆಪರದೆಯಲ್ಲಿ ಸುತ್ತಿ ಕಾವಡಿಗೆ ಕಟ್ಟಿಸಿದೆ, ಹೊರುವವರಿಬ್ಬರಿಗೆ ತಲಾ 500. ವೋಟಿನ ಚೀಟಿ ತೋರಿಸುವ ವಿವಿಪ್ಯಾಟ್ ಯಂತ್ರದ ಹಿಂದಿನ ಗುಬುಟು (ಸಾಗಿಸುವಾಗ ಅಡ್ಡಕ್ಕಿರಬೇಕು) ಅಡ್ಡಕ್ಕೇ ಇದೆಯಾ ಅಂತ ಪ್ರತಿ ಹಳ್ಳ ದಾಟಿದಾಗಲೂ ತಡವಿ ನೋಡುತ್ತಿದ್ದೆ. 2018ರಲ್ಲಿ ಅದು ತಿರುಗಿಹೋಗಿ ಬೆಳಿಗ್ಗೆ ಒಂದೂವರೆ ಗಂಟೆ ಹಾಳಾಗಿತ್ತು.

ಸಂಜೆ ಊರಲ್ಲಿ ದೊಡ್ಡವರು ಯಾರೂ ಹತ್ತಿರ ಬರಲಿಲ್ಲ. ಮಕ್ಕಳು ಬಂದವು. ಗೋಂಡಿಯಲ್ಲಿ ಉಂಡಿ, ರಂಡ್, ಮುಂಡ್, ನಾಲುಂಗ್ ಅಂತ ಎಣಿಸುತ್ತಾರೆ. ನಾನು ಒಂದು, ಎರಡು, ಮೂರು, ನಾಲ್ಕು ಅಂದೆ. ಬಿದ್ದು ಬಿದ್ದು ನಕ್ಕವು, ಬಾಗಿಲ ಮರೆಯಲ್ಲಿದ್ದ ಹೆಂಗಸರೂ ನಕ್ಕರು. ಹೋದ ಎರಡು ಸಲ ಈ ಬುದ್ಧಿ ಎಲ್ಲಿತ್ತೋ.

ನವೆಂಬರ್ 7, ನಮ್ಮಲ್ಲಿ ಏಳರಿಂದ ಮೂರರವರೆಗೆ ಮಾತ್ರ ಮತದಾನ. ಎಂಟೂವರೆವರೆಗೆ ನರಪಿಳ್ಳೆ ಇಲ್ಲ, ನನ್ನ ಹೊಟ್ಟೆಯಲ್ಲಿ ಕಲಸಿದ ಹಾಗೆ. ಆಮೇಲೆ ಒಬ್ಬ ಅಜ್ಜಿ ಕೋಲೂರಿಕೊಂಡು ಬಂದು, ಕೇಳುವ ಮುಂಚೆಯೇ ಎಡಗೈ ಚಾಚಿದಳು. ಹಿಂದೆಯೇ ಹತ್ತು ಹನ್ನೆರಡು ಹೆಂಗಸರು. ಹೊರಗೆ ಹೋದಮೇಲೆ ಆ ಬೆರಳಿಗೆ ಅವರು ಏನು ಮಾಡಿಕೊಂಡರು ಅಂತ ನೋಡಿದೆ. ಬರೆಯೋದಿಲ್ಲ, ಮುಂದಿನ ಸಲಕ್ಕೂ ಅವರಿಗೆ ಅದು ಬೇಕು. ಮೂರಕ್ಕೆ ಕ್ಲೋಸ್ ಒತ್ತಿದಾಗ ಆರುನೂರು ಚಿಲ್ಲರೆಯಲ್ಲಿ ಇನ್ನೂರ ಹತ್ತೋ ಹನ್ನೆರಡೋ.

ವಾಪಸ್ ಬೇರೆ ದಾರಿ ಹಿಡಿದೆವು. 2014ರಲ್ಲಿ ಬಿಜಾಪುರ ಜಿಲ್ಲೆಯಲ್ಲಿ ಬಸ್ ಸ್ಫೋಟವಾಗಿ ಏಳು ಮಂದಿ ಸತ್ತದ್ದು ಮತದಾನ ಮುಗಿಸಿ ಬರುವಾಗಲೇ. ಕೆಲಸ ಆಯ್ತು ಅಂತ ಮೈಮರೆಯುವ ಹೊತ್ತು ಅದು.

ಈ ಸಲ ಕಾವಡಿಯವರ ದುಡ್ಡಿಗೆ ವೋಚರ್ ಮರೆಯಲಿಲ್ಲ, ಇಬ್ಬರ ಹೆಬ್ಬೆಟ್ಟೂ ಒತ್ತಿಸಿಕೊಂಡೆ. ಒಬ್ಬ 'ಎರಡು ದಿನಕ್ಕೆ ಎರಡು ಶಾಯಿ' ಅಂತ ನಕ್ಕ. ಆ ಸಾವಿರ ಹದಿನೈದು ದಿನಕ್ಕೆ ಬಂತು. ದೋಣಿಯದ್ದು ಇನ್ನೂ ಬಂದಿಲ್ಲ.