ಸ್ಲೀವೋ ಬೈಪಾಸೋ? ತೂಕ ಇಳಿಸುವ ಶಸ್ತ್ರಚಿಕಿತ್ಸೆ ಆರಿಸಿಕೊಳ್ಳುವುದು ಹೇಗೆ

ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಯಾರಾದರೂ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡು ಬಂದರೆ ನೆಂಟರಿಷ್ಟರು ಕೇಳುವುದು ಒಂದೇ: ‘ಎಷ್ಟು ಕೆ.ಜಿ. ಇಳಿಯಿತು?’ ಸ್ಲೀವ್, ಬೈಪಾಸ್ ಎಂಬ ಎರಡು ಬಗೆಯ ಜಠರದ ಆಪರೇಷನ್‌ಗಳಲ್ಲಿ ಯಾವುದು ಎಂದು ತೀರ್ಮಾನಿಸುವಾಗ ಈ ಪ್ರಶ್ನೆಯನ್ನು ಬದಿಗಿಡಿ. ಎದೆಯುರಿ, ಸಕ್ಕರೆ ಕಾಯಿಲೆ, ದಿನನಿತ್ಯದ ಮಾತ್ರೆಗಳು ಇಲ್ಲಿ ಹೆಚ್ಚು ಮುಖ್ಯ.

ಮೊದಲು ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ. ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿ. 1.65 ಮೀಟರ್ ಎತ್ತರ, 95 ಕೆ.ಜಿ. ಇದ್ದವರಿಗೆ ಸುಮಾರು 35 ಬರುತ್ತದೆ. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ 35 ಮತ್ತು ಅದಕ್ಕಿಂತ ಹೆಚ್ಚಿದ್ದರೆ ಬೇರೆ ಕಾಯಿಲೆ ಇಲ್ಲದಿದ್ದರೂ ಶಸ್ತ್ರಚಿಕಿತ್ಸೆ ಸಲಹೆ ಮಾಡಬಹುದು. ಏಷ್ಯಾದವರ ವಿಷಯದಲ್ಲಿ 27.5ರಿಂದಲೇ ಯೋಚಿಸಬಹುದು.

ಇನ್ನು ಆಯ್ಕೆ. ಸ್ಲೀವ್‌ನಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆದು, ಬಾಳೆಕಾಯಿಯಂತಹ ಕೊಳವೆಯನ್ನು ಉಳಿಸುತ್ತಾರೆ. ತೆಗೆದದ್ದು ಮತ್ತೆ ಬರುವುದಿಲ್ಲ. ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಚೀಲ ಮಾಡಿ ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ.

ಹುಳಿತೇಗು, ಎದೆಯುರಿ ವರ್ಷಗಳಿಂದ ಕಾಡುತ್ತಿದ್ದರೆ ಅದನ್ನು ಮುಚ್ಚಿಡಬೇಡಿ. ಸ್ಲೀವ್ ಅದನ್ನು ಹೆಚ್ಚಿಸಬಹುದು, ಬೈಪಾಸ್ ಸಾಮಾನ್ಯವಾಗಿ ತಗ್ಗಿಸುತ್ತದೆ. ಎಂಡೋಸ್ಕೋಪಿ (ಬಾಯಿಯ ಮೂಲಕ ಕ್ಯಾಮೆರಾ ಇಳಿಸಿ ಜಠರ ನೋಡುವ ಪರೀಕ್ಷೆ) ಮಾಡಿಸದೆ ‘ಸ್ಲೀವ್ ಸಾಕು’ ಎನ್ನುವವರನ್ನು ಕಾರಣ ಕೇಳಿ. ಸಕ್ಕರೆ ಕಾಯಿಲೆ ತೀವ್ರವಾಗಿದ್ದರೂ ಹಲವು ವೈದ್ಯರ ಒಲವು ಬೈಪಾಸ್ ಕಡೆಗೆ. ಆದರೆ ಕಾಯಿಲೆ ಹಳೆಯದಾದಷ್ಟೂ, ಇನ್ಸುಲಿನ್ ಹಿಡಿದು ವರ್ಷಗಳಾದಷ್ಟೂ, ಅದು ಪೂರ್ತಿ ಹಿಂದೆ ಸರಿಯುವ ಸಾಧ್ಯತೆ ಕಡಿಮೆ.

ಹಾಗಾದರೆ ಎಲ್ಲರಿಗೂ ಬೈಪಾಸೇ? ಇಲ್ಲ. ಕಾಫಿ ತೋಟದ ಏರು ಹತ್ತಿಳಿದು ಮಂಡಿ ನೋವು ಹಿಡಿದು, ನೋವಿನ ಮಾತ್ರೆಯಲ್ಲೇ ದಿನ ತಳ್ಳುವವರು ನಮ್ಮಲ್ಲಿ ಕಡಿಮೆಯೇ? ಬೈಪಾಸ್ ನಂತರ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂತಹ ಮಾತ್ರೆಗಳು ಜೋಡಣೆಯ ಜಾಗದಲ್ಲಿ ಹುಣ್ಣು ಮಾಡಬಲ್ಲವು. ಬೀಡಿ, ಸಿಗರೇಟೂ ಅಷ್ಟೇ. ಅವನ್ನು ಬಿಡಲಾಗದವರಿಗೆ ಬೈಪಾಸ್ ಕಷ್ಟ. ಬೈಪಾಸ್ ಆದವರಿಗೆ ಸಿಹಿ ತಿಂದರೆ ತಲೆಸುತ್ತು, ಬೆವರು, ಭೇದಿಯೂ ಬರಬಹುದು. ಮದ್ಯವಂತೂ ಎರಡೂ ಶಸ್ತ್ರಚಿಕಿತ್ಸೆಗಳ ನಂತರ ಬೇಗ ತಲೆಗೇರುತ್ತದೆ. ಮದುವೆ ಮನೆಯಲ್ಲಿ ‘ಒಂದೇ ಪೆಗ್’ ಎಂದು ಒತ್ತಾಯಿಸುವ ಬಂಧುಗಳಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಪಂದಿ ಕರಿಗೆ (ಹಂದಿ ಮಾಂಸದ ಸಾರು) ಶಾಶ್ವತ ನಿಷೇಧವೇನೂ ಇಲ್ಲ. ಚೇತರಿಸಿಕೊಂಡ ಮೇಲೆ ಕೊಬ್ಬಿಲ್ಲದ ತುಂಡು ಮೊದಲು, ಕಡಂಬುಟ್ಟು (ಅಕ್ಕಿತರಿಯ ಉಂಡೆ) ಆಮೇಲೆ, ಅದೂ ಸ್ವಲ್ಪವೇ.

ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳನ್ನು ಸಾಮಾನ್ಯವಾಗಿ ಜೀವನಪೂರ್ತಿ ತೆಗೆದುಕೊಳ್ಳಬೇಕು, ರಕ್ತ ಪರೀಕ್ಷೆಯೂ ತಪ್ಪದು. ಬೈಪಾಸ್‌ನಲ್ಲಿ ಇದಕ್ಕೆ ಇನ್ನೂ ಹೆಚ್ಚು ನಿಗಾ ಬೇಕು. ಮಾತ್ರೆ ಮರೆಯುವ ಅಭ್ಯಾಸ ನಿಮಗಿದ್ದರೆ ವೈದ್ಯರಿಗೆ ನಾಚಿಕೆಯಿಲ್ಲದೆ ತಿಳಿಸಿ. ಮಗು ಬೇಕೆನ್ನುವ ಹೆಣ್ಣುಮಕ್ಕಳು ಶಸ್ತ್ರಚಿಕಿತ್ಸೆಯ ನಂತರ 12ರಿಂದ 18 ತಿಂಗಳು ಕಾಯಬೇಕಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕೊನೆಯದು ದಿನಾಂಕ. ಮೈಸೂರಿಗೋ ಮಂಗಳೂರಿಗೋ ಹೋಗುವುದಾದರೆ ಜೂನ್‌ನಿಂದ ಸೆಪ್ಟೆಂಬರ್ ಬೇಡ. 2018ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದ್ದು ನೆನಪಿರಲಿ. ರೋಬಸ್ಟಾ ಕಾಫಿ ಕೊಯ್ಲು ಮುಗಿದ ಮೇಲೆ, ಮಳೆಗೆ ಮುನ್ನ ಮಾಡಿಸಿಕೊಂಡರೆ ಮೊದಲ ತಪಾಸಣೆಗಳಿಗೆ ರಸ್ತೆ ಸಿಗುತ್ತದೆ. ಮನೆಗೆ ಬಂದ ಮೊದಲ ವಾರಗಳಲ್ಲಿ ಜ್ವರ, ಜೋರಾದ ಎದೆಬಡಿತ, ಹೆಚ್ಚುವ ಹೊಟ್ಟೆನೋವು ಕಂಡರೆ ಹೊಲಿಗೆ ಸೋರುತ್ತಿರಬಹುದು, ಬೆಳಗಾಗುವವರೆಗೆ ಕಾಯಬಾರದು. ರಾತ್ರಿ ಯಾರಿಗೆ ಕರೆ ಮಾಡಬೇಕು, ಹತ್ತಿರದ ಯಾವ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ಡಿಸ್ಚಾರ್ಜ್ ಚೀಟಿಯಲ್ಲೇ ಬರೆಸಿಕೊಳ್ಳಿ.